ಉದಕಮಂಡಲದ ಮೊದಲಿಗರು

ನಮ್ಮ ಚಾಮರಾಜನಗರ ಜಿಲ್ಲೆಯ ತೆಂಕಣ ಅಂಚಿನ ಊರುಗಳಲ್ಲಿ ಆಕಾಶ ತಿಳಿಯಾಗಿರುವ ದಿನ ಕಾಡಿನಾಚೆ ನೀಲಿಯ ಗೋಡೆಯೊಂದು ಎದ್ದು ನಿಂತಂತೆ ಕಾಣುತ್ತದೆ. ಅದೇ ನೀಲಗಿರಿ. ಆ ಗೋಡೆಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 2,240 ಮೀಟರು ಎತ್ತರದಲ್ಲಿ, ಉದಕಮಂಡಲವೆಂಬ ನಗರ ಉಂಟು. ಸಿನಿಮಾ ನೋಡಿದವರಿಗೂ ಮಧುಚಂದ್ರಕ್ಕೆ ಹೋಗಿ ಬಂದವರಿಗೂ ಅದು ಊಟಿ. ನಮ್ಮೂರ ಹಿರಿಯರಿಗೆ ಅದು ಬರಿಯ ‘ಬೆಟ್ಟ’. ಮಾದಪ್ಪನ ಹೆಸರನ್ನಾಗಲಿ ಬಿಳಿಗಿರಿರಂಗನ ಹೆಸರನ್ನಾಗಲಿ ಸೇರಿಸದೆ ‘ಅವನು ಬೆಟ್ಟಕ್ಕೆ ಹೋಗಿದ್ದಾನೆ’ ಎಂದರೆ, ನೀಲಗಿರಿಗೆ ಕೂಲಿಗೆ ಹೋಗಿದ್ದಾನೆ ಎಂದೇ ಅರ್ಥ.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಹತ್ತಿರ ಹೋದರೆ ಕಲ್ಲುಮುಳ್ಳು ಕಾಣುವುದೆಂಬುದು ಅದರ ಒಂದು ಅರ್ಥ. ಹತ್ತಿರ ಹೋದವರಿಗಷ್ಟೇ ಅಲ್ಲಿ ಯಾರ ಯಾರ ಹೆಜ್ಜೆಗಳಿವೆ ಎಂಬುದು ತಿಳಿಯುತ್ತದೆ ಎನ್ನುವುದು ಇನ್ನೊಂದು ಅರ್ಥವಾಗಬಹುದು. ಕಳೆದ ವರ್ಷ ನಮ್ಮ ಕಾಲೇಜಿನ ಇತಿಹಾಸ ವಿಭಾಗದವರು ನಮ್ಮನ್ನು ಎರಡು ದಿನದ ಪ್ರವಾಸಕ್ಕೆ ಉದಕಮಂಡಲಕ್ಕೆ ಕರೆದೊಯ್ದರು. ಹೊರಡುವ ಮುನ್ನ ನಮ್ಮ ಅಧ್ಯಾಪಕರು ಒಂದು ಪ್ರಶ್ನೆ ಕೊಟ್ಟಿದ್ದರು: “ಈ ಊರನ್ನು ಮೊದಲು ಕಂಡವರು ಯಾರು? ಕಟ್ಟಿದವರು ಯಾರು? ನೋಡಿಕೊಂಡು ಬಂದು ಹೇಳಿ.” ಉತ್ತರ ಒಂದು ಸಾಲಿನಲ್ಲಿ ಮುಗಿಯುವುದೆಂದು ತರಗತಿಯ ಬಹುಪಾಲು ಜನರ ಎಣಿಕೆಯಾಗಿತ್ತು. ಅದು ಮುಗಿಯದಿರಲು ಕಾರಣವೇನೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೈಸೂರಿನ ಕಡೆಯಿಂದ ಹೋಗುವವರಿಗೆ ದಾರಿ ಗುಂಡ್ಲುಪೇಟೆ, ಬಂಡೀಪುರಗಳನ್ನು ಹಾದು ಹೋಗುತ್ತದೆ. ರಾಜ್ಯದ ಗಡಿ ದಾಟಿದೊಡನೆ ಬಂಡೀಪುರದ ಕಾಡೇ ಮುದುಮಲೆ ಎಂಬ ಹೆಸರು ಪಡೆಯುತ್ತದೆ. ಮರಗಳಿಗೂ ಆನೆಗಳಿಗೂ ಈ ಹೆಸರು ಬದಲಾದ ಸುದ್ದಿ ತಿಳಿದಂತೆ ಕಾಣುವುದಿಲ್ಲ. 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಬಂಡೀಪುರದ ಹೆದ್ದಾರಿಯಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಪ್ರವಾಸ ಹೋಗುವವರು ಇದನ್ನು ನೆನಪಿನಲ್ಲಿಟ್ಟು ಹೊರಡಬೇಕು. ಗೂಡಲೂರಿನಿಂದ ಘಾಟಿ ಏರುತ್ತ ನಡುವಟ್ಟಂ ಎಂಬ ಊರು ಸಿಗುತ್ತದೆ. ಮಲೇರಿಯ ಜ್ವರಕ್ಕೆ ಮದ್ದಾದ ಕ್ವಿನೈನ್ ಸಿಂಕೋನ ಮರದ ತೊಗಟೆಯಿಂದ ಬರುತ್ತದೆ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಆ ಮರವನ್ನು 1860ರಲ್ಲಿ ಕ್ಲೆಮೆಂಟ್ಸ್ ಮಾರ್ಕಹ್ಯಾಮ್ ಎಂಬಾತ ನೀಲಗಿರಿಗೆ ತಂದನು. ನಡುವಟ್ಟಂನ ಸಿಂಕೋನ ತೋಟಗಳಲ್ಲಿ ದುಡಿಯಲು ಆಗಿನ ಸರ್ಕಾರ ಚೀನೀ ಕೈದಿಗಳನ್ನು ಇರಿಸಿತ್ತು. ಬೆಟ್ಟ ಹತ್ತುವ ಮೊದಲೇ ನಮಗೆ ಸಿಕ್ಕ ಪಾಠವಿದು. ಮರ ತಂದವನ ಹೆಸರು ಪುಸ್ತಕದಲ್ಲಿದೆ, ಗುಂಡಿ ತೋಡಿ ಅದನ್ನು ನೆಟ್ಟವರ ಹೆಸರಿಲ್ಲ.

ಈಗ ಅಧ್ಯಾಪಕರ ಪ್ರಶ್ನೆಗೆ ಬರೋಣ. ಉದಕಮಂಡಲವನ್ನು ‘ಕಂಡುಹಿಡಿದವನು’ ಕೊಯಮತ್ತೂರಿನ ಕಲೆಕ್ಟರಾಗಿದ್ದ ಜಾನ್ ಸುಲಿವನ್ ಎಂದು ಕೈಪಿಡಿಗಳೆಲ್ಲ ಹೇಳುತ್ತವೆ. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ನೀಲಗಿರಿ ಇಂಗ್ಲಿಷ್ ಕಂಪನಿಯ ಕೈಸೇರಿತು. 1812ರಲ್ಲಿ ಕೀಸ್ ಎಂಬ ಮೋಜಣಿದಾರನು ಬೆಟ್ಟ ಹತ್ತಿ ವರದಿ ಕೊಟ್ಟನು; ಯಾರೂ ಅದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. 1818ರಲ್ಲಿ ವಿಶ್ ಮತ್ತು ಕಿಂಡರ್ಸ್ಲಿ ಎಂಬಿಬ್ಬರು ಅಧಿಕಾರಿಗಳು ಏರಿ ಇಳಿದು, ಬಿಸಿಲುನಾಡಿನ ನೆತ್ತಿಯ ಮೇಲೆ ಚಳಿಯ ನಾಡೊಂದಿದೆ ಎಂದು ತಿಳಿಸಿದರು. 1819ರ ಜನವರಿಯಲ್ಲಿ ಸುಲಿವನ್ ತಾನೇ ಹೊರಟನು. ಕೋತಗಿರಿಯ ಬಳಿ ಬಂಗಲೆ ಕಟ್ಟಿಸಿದನು. ಬಳಿಕ ಇನ್ನೂ ಮೇಲಕ್ಕೆ ಹೋಗಿ ಈಗಿನ ಉದಕಮಂಡಲದಲ್ಲಿ 1822ರ ಸುಮಾರಿಗೆ ಕಲ್ಲಿನ ಮನೆಯನ್ನು ಆರಂಭಿಸಿದನು. ಹಳ್ಳವೊಂದಕ್ಕೆ ಏರಿ ಕಟ್ಟಿಸಿ ಕೆರೆ ಮಾಡಿಸಿದನು. ಇಂದು ಪ್ರವಾಸಿಗರು ದೋಣಿಯಲ್ಲಿ ವಿಹರಿಸುವುದು ಅದರಲ್ಲಿಯೇ. ಆಲೂಗೆಡ್ಡೆ, ಎಲೆಕೋಸು, ಯೂರೋಪಿನ ಹಣ್ಣಿನ ಗಿಡಗಳನ್ನು ಬೆಳೆಸಿ ನೋಡಿದವನೂ ಅವನೇ. ಇಷ್ಟನ್ನು ನೋಡಿದರೆ ಅವನನ್ನು ಊರು ಕಟ್ಟಿದವನೆನ್ನಲು ಅಡ್ಡಿಯಿಲ್ಲ.

ಆದರೆ ಕಂಡುಹಿಡಿದವನು ಎನ್ನಬಹುದೆ? ಸುಲಿವನ್ನನಿಗಿಂತ ಎರಡು ಶತಮಾನ ಮೊದಲೇ, 1603ರಲ್ಲಿ, ಫಿನಿಸಿಯೊ ಎಂಬ ಜೆಸೂಯಿಟ್ ಪಾದ್ರಿ ಮಲಬಾರಿನಿಂದ ಈ ಬೆಟ್ಟಗಳಿಗೆ ಬಂದು ಅಲ್ಲಿಯ ಜನರನ್ನು ಮಾತನಾಡಿಸಿ ಹೋಗಿದ್ದನು. ಅದಕ್ಕೂ ಹಿಂದೆ ಹೋಗಬೇಕಾದರೆ ನಾವು ಬೆಟ್ಟ ಹತ್ತಬೇಕಾಗಿಲ್ಲ, ನಮ್ಮ ಚಾಮರಾಜನಗರಕ್ಕೇ ಬಂದರೆ ಸಾಕು. ಇಲ್ಲಿಯ ಪಾರ್ಶ್ವನಾಥ ಬಸದಿಗೆ ಸೇರಿದ 1117ರ ಕನ್ನಡ ಶಾಸನದಲ್ಲಿ, ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸನು ತೋದರನ್ನು ಬೆದರಿಸಿ ನೀಲಾದ್ರಿಯನ್ನು ವಶಪಡಿಸಿಕೊಂಡನೆಂಬ ಮಾತಿದೆ. ತೋಡರ ಹೆಸರು ಬರುವ ಅತಿ ಹಳೆಯ ದಾಖಲೆಗಳಲ್ಲಿ ಇದೂ ಒಂದು. ಬಸ್ಸಿಗೆ ಕಾಯುವಾಗ ನಮ್ಮಲ್ಲಿ ಎಷ್ಟೋ ಮಂದಿ ಆ ಬಸದಿಯ ಬೀದಿಯಲ್ಲಿ ನಡೆದಿದ್ದೇವೆ. ಆ ಕಲ್ಲಿನ ಬರೆಹಕ್ಕೆ ಒಂಬೈನೂರು ವರ್ಷ ತುಂಬಿದೆ. ಪುಣಿಸನು ಬೆದರಿಸಲು ಹೋದಾಗ ಅಲ್ಲಿ ಬೆದರಲು ಜನರಿದ್ದರು ಎಂಬುದನ್ನು ನಾವು ಗಮನಿಸಬೇಕು.

ಆ ಜನರು ಯಾರು? ಬೆಟ್ಟದ ನೆತ್ತಿಯ ಹುಲ್ಲುಗಾವಲಿನಲ್ಲಿ ಎಮ್ಮೆ ಮೇಯಿಸುತ್ತಿದ್ದವರು ತೋಡರು. ಅವರ ಗುಡಿಸಲು ಅರ್ಧ ಹೂತ ಪೀಪಾಯಿಯ ಆಕಾರದ್ದು. ಬಾಗಿಲು ಎಷ್ಟು ಚಿಕ್ಕದೆಂದರೆ ತೆವಳಿಕೊಂಡೇ ಒಳಹೋಗಬೇಕು. ಚಳಿಯನ್ನೂ ಕಾಡುಮೃಗವನ್ನೂ ಹೊರಗಿಡುವ ಉಪಾಯವದು. ಬಿಳಿಯ ಬಟ್ಟೆಯ ಮೇಲೆ ಕೆಂಪು ಕಪ್ಪು ನೂಲಿನಿಂದ ಅವರ ಹೆಂಗಸರು ಹಾಕುವ ಕಸೂತಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು. ಅವರ ಸಂಖ್ಯೆ ಇಂದಿಗೂ ಎರಡು ಸಾವಿರದ ಸುಮಾರು. ಆದರೂ ರಿವರ್ಸ್ ಎಂಬ ಇಂಗ್ಲಿಷ್ ವಿದ್ವಾಂಸನು 1906ರಲ್ಲಿ ಅವರನ್ನು ಕುರಿತು ಪ್ರಕಟಿಸಿದ ಗ್ರಂಥ ಮಾನವಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಬಲ್ಲ ಗ್ರಂಥವಾಗಿದೆ. ಕೋತರು ಕಮ್ಮಾರಿಕೆ, ಕುಂಬಾರಿಕೆ, ವಾದ್ಯಗಾರಿಕೆಗಳಲ್ಲಿ ನಿಪುಣರು. ಕುರುಂಬರು, ಇರುಳರು ಇಳಿಜಾರಿನ ಕಾಡಿನವರು. ಜೇನು, ನಾರುಬೇರು ಅವರ ಕಸುಬು. ಬಡಗರು ಬೇಸಾಯಗಾರರು. ಹಣದ ಚಲಾವಣೆ ಬರುವ ಮೊದಲು ಇವರ ನಡುವೆ ಕೊಡುಕೊಳೆಯ ಏರ್ಪಾಡೊಂದಿತ್ತು. ತೋಡರ ತುಪ್ಪ, ಕೋತರ ಕುಡುಗೋಲು ಮಡಕೆಗಳು, ಕುರುಂಬರ ಜೇನು, ಬಡಗರ ಧಾನ್ಯ—ಒಬ್ಬರ ವಸ್ತು ಇನ್ನೊಬ್ಬರ ಮನೆ ಸೇರುತ್ತಿತ್ತು. ಅಂಗಡಿಯಿಲ್ಲದ ನಾಡಿನಲ್ಲಿ ಬದುಕು ನಡೆಯುತ್ತಿದ್ದುದು ಹೀಗೆ. ಊರಿನ ಹೆಸರಿನಲ್ಲಿಯೂ ಇವರ ಗುರುತಿದೆ. ಇಂಗ್ಲಿಷರು ಬರೆಯುತ್ತಿದ್ದ ‘ಊಟಕಮಂಡ್’ ಎಂಬುದರ ಕೊನೆಯ ತುಂಡು ತೋಡರ ವಸತಿಗೆ ಸಲ್ಲುವ ಮಾತು. ನಮ್ಮ ‘ಮಂದೆ’ ಎಂಬ ಶಬ್ದವನ್ನು ಅದು ನೆನಪಿಗೆ ತರುವುದಿಲ್ಲವೆ?

ಬಡಗರ ವಿಷಯವನ್ನು ಕನ್ನಡಿಗರಾದ ನಾವು ಸ್ವಲ್ಪ ನಿಂತು ನೋಡಬೇಕು. ಬಡಗ ಎಂದರೆ ಬಡಗಣ ದಿಕ್ಕಿನವನು. ಯಾವ ಬಡಗಣ? ನೀಲಗಿರಿಯಿಂದ ಬಡಗಣಕ್ಕೆ ನೋಡಿದರೆ ಕಾಣುವುದು ಮೈಸೂರು ಸೀಮೆ, ಎಂದರೆ ನಮ್ಮದೇ ಬಯಲು. ವಿಜಯನಗರ ಮುರಿದ ಮೇಲಣ ಕಾಲದಲ್ಲಿ ಇಲ್ಲಿಂದ ಗುಳೆ ಹೋದವರು ತಮ್ಮ ಪೂರ್ವಿಕರೆಂಬ ಐತಿಹ್ಯ ಅವರಲ್ಲಿದೆ. ಅವರ ಮಾತು ಕನ್ನಡಕ್ಕೆ ಅತಿ ಹತ್ತಿರದ ನುಡಿ. ತಮಿಳಿನ ‘ಪುಲಿ’ ಕನ್ನಡದಲ್ಲಿ ‘ಹುಲಿ’ ಆದಂತೆ ಬಡಗರ ಬಾಯಲ್ಲಿಯೂ ‘ಹುಲಿ’ಯೇ. ಕೂನೂರಿನ ಬಳಿ ಹುಲಿಕಲ್ ಎಂಬ ದುರ್ಗವಿದೆ. ಅವರ ಊರುಗಳಿಗೆ ‘ಹಟ್ಟಿ’ ಎನ್ನುತ್ತಾರೆ. ನೀಲಗಿರಿಯಲ್ಲಿ ಎಲ್ಲಕ್ಕಿಂತ ಎತ್ತರವಾದ 2,637 ಮೀಟರಿನ ಶಿಖರದ ಹೆಸರು ದೊಡ್ಡಬೆಟ್ಟ. ಈ ಹೆಸರನ್ನು ವಿವರಿಸಲು ನಮಗೆ ಯಾವ ಮಾರ್ಗದರ್ಶಿಯೂ ಬೇಕಾಗಲಿಲ್ಲ! ದೊಡ್ಡಬೆಟ್ಟದಿಂದ ಇಳಿಯುವಾಗ ಚಹದಂಗಡಿಯ ಮುಂದೆ ಬಿಳಿಯ ಶಾಲು ಹೊದ್ದು ಕುಳಿತಿದ್ದ ವೃದ್ಧರೊಬ್ಬರು ನಮ್ಮ ಮಾತಿಗೆ ಕಿವಿಗೊಟ್ಟಿದ್ದರು. “ಯಜಮಾನರೇ, ನಮ್ಮ ಮಾತು ನಿಮಗೆ ತಿಳಿಯುತ್ತದೆಯೆ?” ಎಂದು ಕೇಳಿದೆ. ಅವರು ತಮ್ಮ ನುಡಿಯಲ್ಲಿ ನಿಧಾನವಾಗಿ ಉತ್ತರ ಕೊಟ್ಟರು. ಒಂದೆರಡು ಮಾತು ತಪ್ಪಿಹೋದರೂ ಉಳಿದುದೆಲ್ಲ ತಿಳಿಯಿತು. ತಿಳಿಯುತ್ತದೆಂಬುದೇ ಅವರ ಉತ್ತರವಾಗಿತ್ತು. ಅಷ್ಟೇ ಅಲ್ಲ, ಮಳೆ ಹೇಗಾಯಿತು, ರಾಗಿ ಬಂದಿದೆಯೆ ಎಂದು ನಮ್ಮ ಸೀಮೆಯ ಯೋಗಕ್ಷೇಮವನ್ನೂ ವಿಚಾರಿಸಿದರು. ಬಡಗ ನುಡಿ ಕನ್ನಡದ ಉಪಭಾಷೆಯೋ ಬೇರೆ ಭಾಷೆಯೋ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಅದು ತಮ್ಮದೇ ಆದ ನುಡಿ ಎಂಬ ಅಭಿಮಾನ ಬಡಗರಿಗುಂಟು. ನಾವು ಅದನ್ನು ಗೌರವಿಸಿ ನೆಂಟರೆಂದುಕೊಳ್ಳುವುದು ಲೇಸು; ನೆಂಟರ ಮನೆಯನ್ನು ನಮ್ಮ ಮನೆಯೆಂದು ಬರೆಸಿಕೊಳ್ಳುವುದು ಸಲ್ಲದು.

ಇವರ ನಡುವೆ ಸುಲಿವನ್ ಬಂದನು. ತೋಡರಿಂದ ನೆಲವನ್ನು ಎಕರೆಗೆ ಒಂದು ರೂಪಾಯಿಯಂತೆ ಕೊಂಡನೆಂದು ಹೇಳುತ್ತಾರೆ. ಬೆಟ್ಟದ ನೆಲ ತೋಡರದೆಂದು ಅವನು ವಾದಿಸಿದ್ದುಂಟು. ಮೇಲಿನ ಅಧಿಕಾರಿಗಳಲ್ಲಿ ಅನೇಕರಿಗೆ ಅದು ರುಚಿಸಲಿಲ್ಲ. ಆದುದರಿಂದ ಅವನನ್ನು ಬರಿಯ ಲೋಭಿಯೆಂದು ಹಳಿಯುವುದು ನ್ಯಾಯವಲ್ಲ. ಆದರೂ ಅವನು ತೆರೆದ ದಾರಿಯಲ್ಲಿ ಬಂದವರೆಲ್ಲ ಅವನಂಥವರಾಗಿರಲಿಲ್ಲ. ಆರೋಗ್ಯಧಾಮವಾಗಿ ಆರಂಭವಾದ ಊರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮದ್ರಾಸು ಸರ್ಕಾರದ ಬೇಸಿಗೆಯ ರಾಜಧಾನಿಯಾಯಿತು. ದೇಶೀ ಅರಸರೂ ಬೆಟ್ಟದ ಮೇಲೆ ಅರಮನೆ ಮಾಡಿಕೊಂಡರು. ಮೈಸೂರು ಅರಸರ ಫರ್ನ್‌ಹಿಲ್ ಅರಮನೆ ಅವುಗಳಲ್ಲೊಂದು. ಕರ್ನಾಟಕದ ತೋಟಗಾರಿಕೆ ಇಲಾಖೆಯ ಉದ್ಯಾನವೊಂದು ಇಂದು ಅದೇ ಫರ್ನ್‌ಹಿಲ್ ಪ್ರದೇಶದಲ್ಲಿದೆ.

ಹಳೆಯ ಊರನ್ನು ನೋಡಬಯಸುವವರು ಎರಡು ಕಟ್ಟಡಗಳನ್ನು ತಪ್ಪದೆ ನೋಡಬೇಕು. ಒಂದು ಸಂತ ಸ್ಟೀಫನ್ನರ ಇಗರ್ಜಿ. 1829ರಲ್ಲಿ ಅದರ ಅಸ್ತಿಭಾರ ಹಾಕಿದರು, 1830ರಲ್ಲಿ ಪ್ರತಿಷ್ಠೆಯಾಯಿತು. ಒಳಗೆ ತಲೆಯೆತ್ತಿ ನೋಡಿದರೆ ದಪ್ಪನೆಯ ಮರದ ತೊಲೆಗಳು ಕಾಣುತ್ತವೆ. ಅವು ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರಮನೆಯಿಂದ ಕಿತ್ತು ತಂದ ಮರಗಳು. ಕಾವೇರಿಯ ನಡುಗಡ್ಡೆಯಿಂದ ಈ ಎತ್ತರಕ್ಕೆ, ರೈಲಾಗಲಿ ಮೋಟಾರಾಗಲಿ ಇಲ್ಲದ ಕಾಲದಲ್ಲಿ, ಆ ತೊಲೆಗಳು ಬಂದುವು. ರಾಜ್ಯವೊಂದು ಬಿದ್ದರೆ ಅದರ ಮಾಡು ಎಲ್ಲೆಲ್ಲಿಗೆ ಹೋಗುತ್ತದೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪಾಠ ಇತಿಹಾಸದ ತರಗತಿಯಲ್ಲಿ ನನಗೆ ಸಿಕ್ಕಿರಲಿಲ್ಲ. ಇಗರ್ಜಿಯ ಸ್ಮಶಾನದಲ್ಲಿ ಸುಲಿವನ್ನನ ಹೆಂಡತಿ ಮತ್ತು ಮಗಳ ಸಮಾಧಿಗಳಿವೆ. ತಾನು ಕಟ್ಟಿದ ಊರಿಗೆ ಅವನೂ ಬೆಲೆ ತೆತ್ತನು.

ಎರಡನೆಯದು ಸುಲಿವನ್ನನ ಕಲ್ಲಿನ ಮನೆ. ಅದು ಉದಕಮಂಡಲದ ಮೊದಲ ಬಂಗಲೆ. ಇಂದು ಅದೇನಾಗಿದೆ ಗೊತ್ತೆ? ಸರ್ಕಾರಿ ಕಲಾ ಕಾಲೇಜು! 1955ರಲ್ಲಿ ಸ್ಥಾಪನೆಯಾದ ಆ ಕಾಲೇಜು ಕಲ್ಲುಮನೆಯ ಆವರಣದಲ್ಲಿದೆ. ನಮ್ಮಂತೆಯೇ ಪುಸ್ತಕ ಹಿಡಿದು, ನಮ್ಮಂತೆಯೇ ಬಸ್ಸಿನ ಪಾಸು ತೋರಿಸಿ ಬರುವ ಹುಡುಗ ಹುಡುಗಿಯರು ಕಲೆಕ್ಟರ ದೊರೆಯ ಅಂಗಳದಲ್ಲಿ ಓಡಾಡುತ್ತಿದ್ದರು. ತೋಟದ ಕೂಲಿಯವರ ಮಕ್ಕಳೂ ಹಟ್ಟಿಗಳಿಂದ ಬರುವವರೂ ಅಲ್ಲಿ ಓದುತ್ತಾರೆಂದು ಒಬ್ಬ ವಿದ್ಯಾರ್ಥಿ ತಿಳಿಸಿದನು. ಊಟಿಯಲ್ಲಿ ನಾನು ಕಂಡ ನೋಟಗಳಲ್ಲೆಲ್ಲ ನನಗೆ ಹೆಚ್ಚು ಮೆಚ್ಚಿಕೆಯಾದುದು ಇದೇ.

ಇಲ್ಲಿ ನನ್ನ ಮನೆಯ ಮಾತೊಂದನ್ನು ಹೇಳಬೇಕಾಗಿದೆ. ನಮ್ಮ ತಂದೆಯವರು ಮದುವೆಗೆ ಮುಂಚೆ ಎರಡು ವರ್ಷ ಬೆಟ್ಟದಲ್ಲಿ ಆಲೂಗೆಡ್ಡೆ, ಕ್ಯಾರೆಟ್ಟುಗಳ ಹೊಲದಲ್ಲಿ ದುಡಿದವರು. ಅವರಿಗೆ ಗೊತ್ತಿರುವ ಊಟಿಯಲ್ಲಿ ಕೆರೆಯಿಲ್ಲ, ಗುಲಾಬಿ ತೋಟವಿಲ್ಲ. ಬೆಳಗಿನ ಮಂಜುಗಡ್ಡೆಯಂಥ ಮಣ್ಣು, ಮಂಕರಿ ಹೊತ್ತು ಏರುವ ಇಳಿಜಾರು, ರಾತ್ರಿ ತಗಡಿನ ಶೆಡ್ಡಿನಲ್ಲಿ ಒಂದು ಕಂಬಳಿಗೆ ಇಬ್ಬರು—ಇಷ್ಟೇ. ನಾನು ಪ್ರವಾಸಕ್ಕೆ ದುಡ್ಡು ಕೇಳಿದಾಗ ಅವರು ಕೊಟ್ಟು, “ದೋಣಿ ಹತ್ತಿಕೊಂಡು ಬಾ, ನಾನು ಅದನ್ನು ನೋಡಲಿಲ್ಲ” ಎಂದರು. ಸುಲಿವನ್ ಮೊದಲ ಆಲೂಗೆಡ್ಡೆಯನ್ನು ನೆಟ್ಟನೆಂದು ಓದಿದಾಗಲೆಲ್ಲ, ಅದನ್ನು ಇನ್ನೂರು ವರ್ಷ ಅಗೆಯುತ್ತ ಬಂದವರು ನನ್ನ ಕಣ್ಣ ಮುಂದೆ ನಿಲ್ಲುತ್ತಾರೆ. ಚಹದ ತೋಟಗಳ ಕಥೆಯೂ ಹೀಗೆಯೇ. ಸಿಂಹಳದ ತೋಟಗಳಿಗೆ ತಮಿಳುನಾಡಿನ ಬಡವರನ್ನು ಒಯ್ದಿದ್ದರು. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ಮೇರೆಗೆ ಅವರ ಸಂತತಿಯವರು ಭಾರತಕ್ಕೆ ಮರಳಬೇಕಾಯಿತು. ಅವರಿಗೆ ಬದುಕು ಕಲ್ಪಿಸಲೆಂದು ತಮಿಳುನಾಡು ಸರ್ಕಾರ 1968ರಲ್ಲಿ ನೀಲಗಿರಿಯಲ್ಲಿ ಚಹ ತೋಟಗಳ ಯೋಜನೆ ಆರಂಭಿಸಿತು. ಹಾಗೆ ಬಂದವರೂ ಒಂದು ಅರ್ಥದಲ್ಲಿ ಮೊದಲಿಗರೇ. ಕಾಣದ ನಾಡಿಗೆ ಬಂದು ಒಲೆ ಹೂಡಿದವರು.

ಇನ್ನು ಊರಿನ ಯಂತ್ರಾದ್ಭುತಗಳ ವಿಚಾರ. ಮೊದಲನೆಯದು ಬೆಟ್ಟದ ರೈಲು. 1854ರಲ್ಲಿ ಆಲೋಚನೆ ಹುಟ್ಟಿ, 1891ರಲ್ಲಿ ಕೆಲಸ ಆರಂಭವಾಗಿ, 1899ರಲ್ಲಿ ಕೂನೂರಿನವರೆಗೂ 1908ರಲ್ಲಿ ಉದಕಮಂಡಲದವರೆಗೂ ಬಂದ ಹಾದಿ ಇದು. ಮೆಟ್ಟುಪಾಳ್ಯದಿಂದ 46 ಕಿಲೋಮೀಟರು. 326 ಮೀಟರು ಎತ್ತರದಿಂದ 2,203 ಮೀಟರಿಗೆ ಏರುತ್ತದೆ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿ ಸಲೀಸಾಗಿ ಉರುಳುತ್ತದೆ; ಆ ನುಣುಪೇ ಕಡಿದಾದ ಏರಿನಲ್ಲಿ ಶತ್ರುವಾಗುತ್ತದೆ. ಹನ್ನೆರಡು ಅಡಿ ಮುಂದೆ ಹೋದರೆ ಒಂದಡಿಯಷ್ಟು ಮೇಲಕ್ಕೇರುವ ದಾರಿಯಲ್ಲಿ ಗಾಲಿ ಜಾರದೆ ಇರದು. ಇದಕ್ಕೆ ಆಬ್ಟ್ ಎಂಬ ಸ್ವಿಸ್ ಎಂಜಿನಿಯರನು ಕಂಡುಕೊಂಡ ಉಪಾಯವನ್ನು ಇಲ್ಲಿ ಬಳಸಿದ್ದಾರೆ. ಎರಡು ಹಳಿಗಳ ನಡುವೆ ಗರಗಸದಂತೆ ಹಲ್ಲುಗಳಿರುವ ಎರಡು ಉಕ್ಕಿನ ಪಟ್ಟಿಗಳನ್ನು ಜೋಡಿಸಿದ್ದಾರೆ. ಒಂದರ ಹಲ್ಲು ಇರುವಲ್ಲಿ ಇನ್ನೊಂದರ ಸಂದು ಬರುತ್ತದೆ. ಎಂಜಿನ್ನಿನ ಹೊಟ್ಟೆಯಡಿಯ ಹಲ್ಲುಗಾಲಿಗಳು ಇವನ್ನು ಕಚ್ಚಿಕೊಂಡು ಏರುತ್ತವೆ. ಒಂದು ಹಲ್ಲು ಬಿಡುವ ಮೊದಲೇ ಇನ್ನೊಂದು ಹಿಡಿದಿರುತ್ತದೆ. ಏರುವಾಗ ಎಂಜಿನ್ನು ಮುಂದಿರುವುದಿಲ್ಲ. ಹಿಂದೆ ನಿಂತು ಡಬ್ಬಿಗಳನ್ನು ತಳ್ಳುತ್ತದೆ. ಹಾಗಾಗಿ ಡಬ್ಬಿ ಕಳಚಿ ಹಿಂದಕ್ಕೆ ಉರುಳುವ ಭಯವಿಲ್ಲ.

ಈ ಹಲ್ಲಿನ ಹಾದಿ ಇರುವುದು ಕಲ್ಲಾರಿನಿಂದ ಕೂನೂರಿನವರೆಗೆ ಮಾತ್ರ. ಕೂನೂರಿನಿಂದ ಮೇಲೆ ಡೀಸಲ್ ಎಂಜಿನ್ನು ಸಾಮಾನ್ಯ ರೀತಿಯಲ್ಲಿ ಎಳೆಯುತ್ತದೆ. ನಾವು ಉದಕಮಂಡಲದಿಂದ ಕೂನೂರಿಗೆ ಇಳಿದು ಅಲ್ಲಿಯ ನಿಲ್ದಾಣದಲ್ಲಿ ಹಲ್ಲುಪಟ್ಟಿಯನ್ನೂ ಉಗಿಯೆಂಜಿನ್ನನ್ನೂ ನೋಡಿದೆವು. ಹಾದಿಯುದ್ದಕ್ಕೂ 16 ಸುರಂಗಗಳೂ ಸುಮಾರು 250 ಸೇತುವೆಗಳೂ ಇವೆ. 2005ರಲ್ಲಿ ಯುನೆಸ್ಕೊ ಇದನ್ನು ಜಗತ್ತಿನ ಪರಂಪರೆಯ ಪಟ್ಟಿಗೆ ಸೇರಿಸಿತು. ಮೆಟ್ಟುಪಾಳ್ಯದಿಂದ ಮೇಲೆ ಬರಲು ಐದು ಗಂಟೆಗೆ ಸ್ವಲ್ಪ ಕಡಿಮೆ ಹಿಡಿಯುತ್ತದೆ. ಅವಸರವಿದ್ದವರಿಗೆ ಬಸ್ಸುಂಟು.

ಎರಡನೆಯದನ್ನು ನೋಡಲು ಪ್ರವಾಸಿಗರು ಹೆಚ್ಚಾಗಿ ಹೋಗುವುದಿಲ್ಲ. ಅದು ಮುತ್ತೊರೈ ಎಂಬಲ್ಲಿರುವ ರೇಡಿಯೊ ದೂರದರ್ಶಕ. ಗೋವಿಂದ ಸ್ವರೂಪ್ ಎಂಬ ವಿಜ್ಞಾನಿಯ ನೇತೃತ್ವದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಕಟ್ಟಿದ ಇದು 1970ರಲ್ಲಿ ಸಿದ್ಧವಾಯಿತು. 530 ಮೀಟರು ಉದ್ದ, 30 ಮೀಟರು ಅಗಲದ ಒಂದು ತೊಟ್ಟಿಲನ್ನು ಊಹಿಸಿಕೊಳ್ಳಿ. ತೊಟ್ಟಿಲಿನ ಮೈಯೆಲ್ಲ ಸಣ್ಣ ಉಕ್ಕಿನ ತಂತಿಗಳು, ಸುಮಾರು 1,100. ನಕ್ಷತ್ರಲೋಕದಿಂದ ಬರುವ ರೇಡಿಯೊ ಅಲೆಗಳು ಈ ತಂತಿಗಳಿಗೆ ತಾಗಿ, ನಡುವಿನ ಗೆರೆಯಲ್ಲಿರುವ ಗ್ರಾಹಕಗಳಿಗೆ ಸೇರುತ್ತವೆ.

ಇದನ್ನು ಇಲ್ಲಿಯೇ ಏಕೆ ಕಟ್ಟಿದರು? ಭೂಮಿ ತಿರುಗುತ್ತಿರುವುದರಿಂದ ಆಕಾಶದ ವಸ್ತುಗಳೆಲ್ಲ ಮೂಡಣದಿಂದ ಪಡುವಣಕ್ಕೆ ಸರಿಯುವಂತೆ ತೋರುತ್ತವೆ. ಅವನ್ನು ಬೆಂಬತ್ತಬೇಕಾದರೆ ದೂರದರ್ಶಕದ ಅಚ್ಚು ಭೂಮಿಯ ಅಚ್ಚಿಗೆ ಸಮಾಂತರವಾಗಿರಬೇಕು. ಉದಕಮಂಡಲ ಭೂಮಧ್ಯರೇಖೆಯಿಂದ ಸುಮಾರು 11 ಡಿಗ್ರಿ ಉತ್ತರದಲ್ಲಿದೆ. ತೆಂಕಣದಿಂದ ಬಡಗಣಕ್ಕೆ ಅದೇ 11 ಡಿಗ್ರಿ ಓರೆಯಿರುವ ಬೆಟ್ಟದ ಮೈಯೊಂದು ಸಿಕ್ಕಿದರೆ, ಅದರ ಮೇಲೆ ತೊಟ್ಟಿಲನ್ನು ಮಲಗಿಸಿದರಾಯಿತು, ಅಚ್ಚು ತಾನಾಗಿಯೇ ಭೂಮಿಯ ಅಚ್ಚಿಗೆ ಸಮಾಂತರವಾಗುತ್ತದೆ. ಅಂಥ ಬೆಟ್ಟ ಮುತ್ತೊರೈಯಲ್ಲಿ ದೊರೆಯಿತು. ಒಂದೇ ಅಚ್ಚಿನ ಸುತ್ತ ಹೊರಳಿಸಿ ಒಂಬತ್ತೂವರೆ ಗಂಟೆಗಳ ಕಾಲ ಒಂದು ಆಕಾಶಕಾಯವನ್ನು ಹಿಂಬಾಲಿಸಬಹುದು. ಹೊರದೇಶಗಳಲ್ಲಿ ಕೋಟಿ ಕೋಟಿ ಸುರಿದು ಮಾಡುವ ಕೆಲಸವನ್ನು ನಮ್ಮವರು ಬೆಟ್ಟದ ಓರೆಯಿಂದ ಮಾಡಿಸಿಕೊಂಡರು. ಚಂದ್ರನು ಅಡ್ಡ ಬಂದಾಗ ದೂರದ ರೇಡಿಯೊ ಮೂಲವೊಂದು ಮರೆಯಾಗುವ ಕ್ಷಣವನ್ನು ಅಳೆದು, ಆ ಮೂಲದ ಗಾತ್ರವನ್ನೂ ನೆಲೆಯನ್ನೂ ಕಂಡುಕೊಳ್ಳುವುದು ಇದರ ಆರಂಭದ ಕೆಲಸವಾಗಿತ್ತು. ಕಲಾ ವಿಭಾಗದ ನಮಗೆ ಎಲ್ಲವೂ ತಿಳಿಯಿತೆನ್ನಲಾರೆ. ಆದರೆ ಇರುವುದನ್ನು ಅರಿತು ಬಳಸುವುದೇ ಜಾಣತನವೆಂಬುದು ಚೆನ್ನಾಗಿ ತಿಳಿಯಿತು.

ಉದ್ಯಾನಗಳನ್ನು ಎಲ್ಲರೂ ಬಣ್ಣಿಸುವರಾದ್ದರಿಂದ ನಾನು ಬೇಗನೆ ದಾಟುತ್ತೇನೆ. ಸಸ್ಯೋದ್ಯಾನ 1848ರಲ್ಲಿ ಮ್ಯಾಕ್‌ಐವರ್ ಎಂಬ ತೋಟಗಾರನ ಕೈಯಲ್ಲಿ ರೂಪುಗೊಂಡಿತು. ಮೇ ತಿಂಗಳಿನಲ್ಲಿ ಅಲ್ಲಿ ಪುಷ್ಪ ಪ್ರದರ್ಶನ ನಡೆಯುತ್ತದೆ. ಅಲ್ಲಿರುವ ಕಲ್ಲಾದ ಮರದ ಬೊಡ್ಡೆಗೆ ಎರಡು ಕೋಟಿ ವರ್ಷವೆನ್ನುತ್ತಾರೆ. ಗುಲಾಬಿ ತೋಟ 1995ರದು. ಹೊಸದೆಲ್ಲ ಉಳಿಯುತ್ತದೆಂಬ ನಿಯಮವೂ ಇಲ್ಲ. 1960ರಲ್ಲಿ ದೇಶದ ಹೆಮ್ಮೆಯಾಗಿ ಇಲ್ಲಿ ಸ್ಥಾಪನೆಗೊಂಡ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ, ಫಿಲ್ಮಿನ ಕಾಲ ಮುಗಿದುದರಿಂದ, ಮುಚ್ಚಿಹೋಯಿತು.

ಕೊನೆಯದಾಗಿ, ಕಣ್ಣಿಗೆ ಹಸಿರಾಗಿ ಕಂಡರೂ ಯೋಚಿಸಬೇಕಾದ ಸಂಗತಿಯೊಂದಿದೆ. ಊಟಿಯ ಚೆಲುವೆಂದು ನಾವು ಮೆಚ್ಚುವ ನೀಲಗಿರಿ ಮರವೂ ವಾಟಲ್ ಮರವೂ ಆಸ್ಟ್ರೇಲಿಯದಿಂದ ಬಂದವು. ಆ ನಾಡಿನ ಮರಕ್ಕೆ ಕನ್ನಡದಲ್ಲಿ ‘ನೀಲಗಿರಿ’ ಎಂದೇ ಹೆಸರಾದುದು ವಿಚಿತ್ರ! ಬೆಟ್ಟದ ಸ್ವಂತ ಸಸ್ಯಸಂಪತ್ತು ಬೇರೆ. ಕಣಿವೆಯ ಮಡಿಲಿನಲ್ಲಿ ಸಣ್ಣ ಸಣ್ಣ ಶೋಲಾ ಕಾಡುಗಳು, ಮೇಲಿನ ಇಳಿಜಾರುಗಳಲ್ಲಿ ಹುಲ್ಲು. ಮಳೆಯ ನೀರನ್ನು ಹುಲ್ಲಿನ ಬೇರು ಮತ್ತು ಕಪ್ಪು ಮಣ್ಣು ಸ್ಪಂಜಿನಂತೆ ಹೀರಿ, ಶೋಲಾದ ತೊರೆಗಳಿಗೆ ವರ್ಷವೆಲ್ಲ ತೊಟ್ಟಿಕ್ಕುತ್ತವೆ. ಹುಲ್ಲುಗಾವಲನ್ನು ಬೀಳುಭೂಮಿಯೆಂದು ತಿಳಿದು ಹೊರನಾಡಿನ ಮರಗಳನ್ನು ನೆಟ್ಟರು. ವಾಟಲ್ ತಾನಾಗಿಯೇ ಹಬ್ಬಿತು. ತೋಡರ ಎಮ್ಮೆಗೆ ಮೇವು ಕಡಿಮೆಯಾಯಿತು. ಹನ್ನೆರಡು ವರ್ಷಕ್ಕೊಮ್ಮೆ ಬೆಟ್ಟವನ್ನು ನೀಲಿಯಾಗಿಸುವ ಕುರಿಂಜಿಗೆ ನೆಲೆ ತಪ್ಪಿತು. 2018ರಲ್ಲಿ ಅರಳಿದ ಆ ಹೂವಿಗೆ ಮುಂದಿನ ಸರದಿ 2030. ಈ ನೀರಿನ ಲೆಕ್ಕ ನಮಗೂ ಸಂಬಂಧಿಸಿದ್ದು. ಪೈಕಾರ ಹೊಳೆಯೇ ಕೆಳಗಿಳಿದು ಮೋಯಾರಾಗಿ ನಮ್ಮ ಬಂಡೀಪುರದ ಗಡಿಯಲ್ಲಿ ಹರಿಯುತ್ತದೆ; ಮುಂದೆ ಭವಾನಿಯನ್ನು ಸೇರಿ, ಭವಾನಿಯೊಡನೆ ಕಾವೇರಿಗೆ ಹೋಗುತ್ತದೆ. ಆ ಪೈಕಾರದ ನೀರಿನಿಂದ 1932ರಿಂದ ವಿದ್ಯುತ್ತನ್ನೂ ತೆಗೆಯುತ್ತಿದ್ದಾರೆ. ಬೆಟ್ಟದ ಹುಲ್ಲು ಒಣಗಿದರೆ ಬಯಲಿನ ಬಾಯಿಯೂ ಒಣಗುತ್ತದೆ.

ಜನಸಂದಣಿಯೂ ಬೆಟ್ಟದ ಹೊರೆಯೇ. ಮದ್ರಾಸು ಉಚ್ಚ ನ್ಯಾಯಾಲಯದ ಆಜ್ಞೆಯಂತೆ 2024ರ ಮೇ ತಿಂಗಳಿನಲ್ಲಿ ನೀಲಗಿರಿಗೆ ಬರುವ ಹೊರಗಿನ ವಾಹನಗಳಿಗೆ ಇ-ಪಾಸಿನ ಕ್ರಮ ಜಾರಿಗೆ ಬಂದಿತು. 2025ರ ಬೇಸಿಗೆಯಲ್ಲಿ ದಿನಕ್ಕೆ 6,000, ವಾರಾಂತ್ಯಗಳಲ್ಲಿ 8,000 ವಾಹನಗಳೆಂಬ ಮಿತಿ ಹಾಕಿದರು. ಪ್ಲಾಸ್ಟಿಕ್ ಬಾಟಲಿ, ಚೀಲಗಳಿಗೆ ಜಿಲ್ಲೆಯಲ್ಲಿ ನಿಷೇಧವಿದೆ. ಹೋಗುವವರು ನೀರಿಗೆ ಸ್ಟೀಲಿನ ಬಾಟಲಿ, ಮೈಗೆ ಸ್ವೆಟರು, ಮನಸ್ಸಿಗೆ ಬಿಡುವು ಒಯ್ಯಬೇಕು.

ಉದಕಮಂಡಲದ ಮೊದಲಿಗರು ಯಾರು ಎಂಬ ಪ್ರಶ್ನೆಗೆ ನಾನು ಬರೆದುಕೊಟ್ಟ ಉತ್ತರ ಹೀಗಿತ್ತು. ಮೊದಲು ಇದ್ದವರು ತೋಡರು ಮತ್ತು ಅವರ ನೆರೆಹೊರೆಯವರು. ಮೊದಲು ಉತ್ತವರಲ್ಲಿ ಬಡಗರು ಸೇರುತ್ತಾರೆ. ಮೊದಲು ಕಲ್ಲಿನ ಮನೆ ಕಟ್ಟಿಸಿದವನು ಸುಲಿವನ್. ಆ ಕಲ್ಲನ್ನು ಹೊತ್ತವರು ಹೆಸರಿಲ್ಲದವರು. ನಮ್ಮ ಮನೆತನದಲ್ಲಿ ಪದವಿಯ ಪರೀಕ್ಷೆಗೆ ಕೂರುವ ಮೊದಲಿಗ ನಾನು. ಬಂಧುಗಳು ಇದನ್ನು ಹೇಳಿ ನನ್ನನ್ನು ಹೊಗಳುವುದುಂಟು. ಈ ಕಾಲೇಜಿನಲ್ಲಿ ನನ್ನಂಥ ಮೊದಲಿಗರು ಎಷ್ಟೋ ಜನರಿದ್ದೀರಿ. ಮೊದಲಿಗನೆಂಬ ಮಾತಿನ ಬೆಲೆ ಎಷ್ಟೆಂಬುದನ್ನು ಆ ಬೆಟ್ಟ ನನಗೆ ತಿಳಿಸಿತು. ಯಾರೂ ಬರಿಯ ನೆಲದ ಮೇಲೆ ಮೊದಲಿಗರಾಗುವುದಿಲ್ಲ; ಯಾರೋ ಹಸನು ಮಾಡಿಟ್ಟ ನೆಲದ ಮೇಲೆ ಆಗುತ್ತೇವೆ. ಆ ನೆಲವನ್ನು ಹಸನು ಮಾಡಿದವರ ಹೆಸರು ನಮಗೆ ನೆನಪಿದ್ದರೆ ಓದಿದ್ದು ಸಾರ್ಥಕ.